ಕಪ್ಪಾದ ಡೀಸೆಲ್ ಬಿಲ್ಲುಗಳು

ನನ್ನ ಬಿ.ಕಾಂ. ಪ್ರಮಾಣಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಿದವರು ನಮ್ಮ ಕಚೇರಿಯ ಬಾಯಿ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಹತ್ತನೇ ತರಗತಿ ದಾಟಿರಲಿಲ್ಲ. ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು ನನ್ನ ಫೀಸು ಕಟ್ಟಿದವಳು. "ಇಲ್ಲಿಯ ಮಳೆಗೆ ಎಂತ ಕಾಗದವೂ ಉಳಿಯುವುದಿಲ್ಲ ಮಾರಾಯ್ತಿ, ಕೊಡು ಇಲ್ಲಿ" ಎಂದು ಬಾಯಿ ಅದನ್ನು ಕಸಿದುಕೊಂಡೇ ಹೋಗಿದ್ದರು.

ಬಾಯಿ ನಗರದಂಚಿನ ನಮ್ಮ ಪಂಚಾಯತಿನ ಕಾರ್ಯದರ್ಶಿ. ನಾನು ಅಲ್ಲಿ ಲೆಕ್ಕ ಸಹಾಯಕಿ. ಕ್ರಿಶ್ಚನ್ ಹೆಂಗಸರನ್ನು ನಾವು ಮರ್ಯಾದೆಯಿಂದ ಕರೆಯುವುದೇ ಹಾಗೆ, ಕಚೇರಿಯಲ್ಲೂ ಅವರು ಬಾಯಿಯೇ ಆಗಿದ್ದರು. ನಗದು ಪುಸ್ತಕ ಬರೆಯಲು ನನಗೆ ಕಲಿಸಿದ್ದು ಕಾಲೇಜಲ್ಲ, ಅವರು.

ಅವರು ನಿವೃತ್ತರಾದ ಮೇಲೆ ಆಡಿಟಿನವರು ಬಂದರು. ಕರೆಂಟು ಹೋದಾಗ ನೀರಿನ ಪಂಪು ನಡೆಸಲು ಜನರೇಟರಿಗೆ ಹಾಕಿಸಿದ ಡೀಸೆಲ್ಲಿನ ಇಪ್ಪತ್ತನಾಲ್ಕು ಬಿಲ್ಲುಗಳಿದ್ದವು. ಬಂಕಿನ ಯಂತ್ರ ಕೊಡುವ ಆ ತೆಳು ಚೀಟಿಯ ಅಕ್ಷರ ಬೇಗ ಮಾಸುತ್ತದೆಂದು ಬಾಯಿ ಎಲ್ಲವನ್ನೂ ಒಟ್ಟಿಗೆ ಲ್ಯಾಮಿನೇಶನ್ನಿಗೆ ಕೊಟ್ಟಿದ್ದರು. ಆ ಕಾಗದಕ್ಕೆ ಬಿಸಿ ಆಗದು. ಪ್ಲಾಸ್ಟಿಕ್ಕಿನೊಳಗೆ ಅಷ್ಟೂ ಕಾಡಿಗೆಯಂತೆ ಕಪ್ಪಾಗಿ ಬಂದವು. ಬಂಕಿನಲ್ಲಿ ಹಳೆಯ ನಕಲು ಸಿಗಲಿಲ್ಲ.

ಆಡಿಟರ್ ಬರೆದರು: ಕಪ್ಪು ಹಾಳೆಗಳನ್ನು ಓಚರುಗಳೆಂದು ಹಾಜರುಪಡಿಸಲಾಗಿದೆ, ಮೊತ್ತವನ್ನು ಕಾರ್ಯದರ್ಶಿಯಿಂದ ವಸೂಲು ಮಾಡತಕ್ಕದ್ದು. ಈ ಆಕ್ಷೇಪಣೆ ಇತ್ಯರ್ಥವಾಗುವವರೆಗೆ ಅವರ ಗ್ರಾಚ್ಯುಟಿ ಇಲ್ಲ.

ದೇರೆಬೈಲಿನ ಅವರ ಮನೆಗೆ ಹೋದೆ.

"ಕಟ್ಟಿಬಿಡ್ತೇನೆ. ಈ ಪ್ರಾಯದಲ್ಲಿ ಯಾರ ಎದುರು ನಿಲ್ಲುವುದು?"

"ಕಟ್ಟಿದರೆ ತಿಂದದ್ದು ಹೌದು ಅಂತ ಆಗ್ತದೆ ಬಾಯಿ."

ಅವರು ಚಹಾ ಮುಂದಿಟ್ಟು, ನಾನು ತಂದ ಫೈಲನ್ನು ಮಡಿಲಿಗೆ ಎಳೆದುಕೊಂಡು, ಒಂದು ಪ್ಲಾಸ್ಟಿಕ್ಕನ್ನು ಮಗುಚಿ ಮಗುಚಿ ನೋಡಿದರು. ಆಚೆಯೂ ಕಪ್ಪು, ಈಚೆಯೂ ಕಪ್ಪು.

"ಎರಡೂ ಬದಿ ಹೇಗೆ ಕಪ್ಪಾಯ್ತು?" ಎಂದೆ.

"ಒಂದರಲ್ಲಿ ಎರಡು ಬಿಲ್ಲು ಹಾಕಿಸಿದ್ದು. ಬೆನ್ನಿಗೆ ಬೆನ್ನು. ಒಂದಕ್ಕೆ ಹತ್ತು ರೂಪಾಯಿ ಕೇಳ್ತಾನೆ ಅಂಗಡಿಯವ, ಸರಕಾರದ ದುಡ್ಡೆಂತ ಮರದಲ್ಲಿ ಆಗ್ತದಾ?"

ಬೆನ್ನು ಎಂದದ್ದೇ ನನಗೆ ನೆನಪಾಯಿತು. ನೀರಿನ ಪಂಪಿನವರು ಬಿಲ್ಲು ತಂದರೆ, ಹಿಂಬದಿಯಲ್ಲಿ ತಾರೀಕು, ಲೀಟರು, ರೂಪಾಯಿ ಬರೆಸಿ ಸಹಿ ಹಾಕಿಸದೆ ಬಾಯಿ ಒಳಗೆ ತೆಗೆದುಕೊಳ್ಳುತ್ತಿರಲಿಲ್ಲ. ಅದೂ ಬಾಲ್ ಪೆನ್ನಿನಲ್ಲಿ. ಬಿಸಿಗೆ ಕಪ್ಪಾಗುವುದು ಅಚ್ಚಾಗುವ ಬದಿ ಮಾತ್ರ.

ಹೇಳಿದೊಡನೆ ಬಾಯಿ ಕತ್ತರಿ ತರಲು ಎದ್ದರು. ನಾನು ಕೈ ಹಿಡಿದೆ. "ಇಲ್ಲಿ ಬೇಡ. ಆಮೇಲೆ ಬರೆದದ್ದು ಅಂತಾರೆ."

ಇಂಥ ಆಕ್ಷೇಪಣೆಗಳನ್ನು ಎರಡೂ ಕಡೆಯವರು ಕೂತು ಮುಗಿಸುವ ಅದಾಲತ್ತಿಗೆ ಫೈಲು, ಜನರೇಟರಿನ ಲಾಗ್ ಪುಸ್ತಕ, ಒಂದು ಕತ್ತರಿ ಹಿಡಿದು ಇಬ್ಬರೂ ಹೋದೆವು. ಬಾಯಿ ಭಾನುವಾರ ಇಗರ್ಜಿಗೆ ಉಡುವ ಸೀರೆ ಉಟ್ಟಿದ್ದರು.

"ಎಂತ ಮೇಡಂ, ಟೈಲರಿಂಗಾ?" ಎಂದರು ಆಡಿಟರ್.

"ನೀವೇ ಕತ್ತರಿಸಿ ಸರ್," ಎಂದೆ.

ಅವರು ಅಂಚು ಕತ್ತರಿಸಿದರು. ಎರಡು ಚೀಟಿ ಬೆನ್ನು ಬಿಟ್ಟವು. ಒಳಗೆ ಬಿಳಿ. ನೀಲಿ ಶಾಯಿಯಲ್ಲಿ ತಾರೀಕು, ಇಪ್ಪತ್ತು ಲೀಟರು, ಮೊತ್ತ, ಪಂಪಿನವರ ಸೊಟ್ಟ ಸಹಿ. ಆಡಿಟರ್ ಲಾಗ್ ಪುಸ್ತಕ ತೆಗೆದು ಬೆರಳಿಟ್ಟು ಹೊಂದಿಸಿದರು. ಆಮೇಲೆ ಉಳಿದ ಹನ್ನೊಂದನ್ನೂ ತಾವೇ ಕತ್ತರಿಸಿದರು. ಕಡೆಕಡೆಗೆ ಅವರಿಗೂ ಖುಷಿ ಬಂದ ಹಾಗಿತ್ತು.

ಒಂದರ ಹಿಂಬದಿ ಮಾತ್ರ ಖಾಲಿ ಇತ್ತು. ಲಾಗ್ ಪುಸ್ತಕದಲ್ಲೂ ಆ ದಿನ ಬರೆದಿರಲಿಲ್ಲ. "ಇಪ್ಪತ್ತಮೂರು ಬಿಡ್ತೇನೆ. ಇದೊಂದು ಕಟ್ಟಬೇಕಾಗ್ತದೆ ಬಾಯಿ," ಎಂದರು. ಅವರ ಬಾಯಲ್ಲೂ ಬಾಯಿ ಬಂದುಬಿಟ್ಟಿತ್ತು.

"ಕಟ್ತೇನೆ. ಬರೆಸದಿದ್ದದ್ದು ನನ್ನದೇ ತಪ್ಪು," ಎಂದು ಬಾಯಿ ಅಲ್ಲೇ ಚೀಲ ಬಿಚ್ಚಿದರು.

ವಾಪಸು ಬರುವಾಗ ಬಸ್ಸಿನಲ್ಲಿ ದುಡ್ಡು ಕಟ್ಟಿದ ರಶೀದಿಯನ್ನು ಹಿಡಿದು ಕೂತಿದ್ದರು. ನಾನು ಬ್ಯಾಗಿನಿಂದ ಪೆನ್ನು ತೆಗೆದು ಕೊಟ್ಟೆ. ರಶೀದಿ ಮಗುಚಿ, ಮೊಣಕಾಲ ಮೇಲಿಟ್ಟು, ಬಸ್ಸು ಕುಲುಕುತ್ತಿದ್ದರೂ ತಾರೀಕು ಬರೆದರು, ಮೊತ್ತ ಬರೆದರು, ಸಹಿ ಹಾಕಿದರು.

"ನೀನೂ ಹಾಕು," ಎಂದರು. "ಬಿ.ಕಾಂ. ಅಂತಲೂ ಬರಿ."

ಬರೆದೆ.