ಅಕ್ಕನ ಗಾಡಿಯ ಕಂಪ್ರೆಷನ್

ಕುಕ್ಕರ್ ಕೂಗದೆ ಮುಷ್ಕರ ಹೂಡಿದ ಬೆಳಗುಗಳು ನಿಮ್ಮ ಮನೆಯಲ್ಲೂ ಬಂದುಹೋಗಿರಬೇಕು. ಒಳಗೆ ಬೇಳೆಯಿದೆ, ನೀರಿದೆ, ಕೆಳಗೆ ಉರಿಯೂ ಇದೆ. ಆದರೂ ಮುಚ್ಚಳದ ಅಂಚಿನಿಂದ ಬುಸ್ಸೆಂದು ಆವಿ ಸೋರುತ್ತದೆಯೇ ಹೊರತು ಸೀಟಿ ಮಾತ್ರ ಏಳುವುದಿಲ್ಲ. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಆಯುಷ್ಯವೆಲ್ಲ ಯಂತ್ರಗಳ ಕಾಯಿಲೆ ನೋಡಿ ನಿವೃತ್ತನಾದ ನಾನು ಈಗಲೂ ಹೇಳುವುದಿಷ್ಟೇ: ಕುಕ್ಕರ್ ಅರ್ಥವಾದವರಿಗೆ ಎಂಜಿನ್ನು ಅರ್ಧ ಅರ್ಥವಾದ ಹಾಗೆ. ಒಳಗಿರಬೇಕಾದದ್ದು ಹೊತ್ತು ಬರುವತನಕ ಒಳಗೇ ಇರಬೇಕು, ಅದುಮಿಟ್ಟ ಗಾಳಿ ಕಿಡಿಗಾಗಿ ಕಾಯಬೇಕು. ಇದಕ್ಕೆ ಮೆಕ್ಯಾನಿಕ್ಕುಗಳು ಕಂಪ್ರೆಷನ್ ಎನ್ನುತ್ತಾರೆ. ಅವರ ಬಾಯಲ್ಲಿ “ಕಂಪ್ರೆಷನ್ ಇಲ್ಲ ಸಾರ್” ಎಂಬ ಮಾತು ಬಂತೆಂದರೆ ವೈದ್ಯರು ನಾಡಿ ಹಿಡಿದು ಮುಖ ಸಣ್ಣ ಮಾಡಿದಂತೆಯೇ ಲೆಕ್ಕ.

ಈ ಸಲ ನವರಾತ್ರಿ ಕಳೆದ ಮೇಲೆ ಆ ಮಾತನ್ನು ನಾನೇ ಹೇಳಬೇಕಾಗಿ ಬಂತು, ಅದೂ ನನ್ನ ಅಕ್ಕನ ಗಾಡಿಯ ಬಗ್ಗೆ. ಅಕ್ಕ, ಭಾವ ರಾಜಾನುಕುಂಟೆಯ ಆಚೆ ಗಿಡಗಳ ನರ್ಸರಿ ಇಟ್ಟುಕೊಂಡಿದ್ದಾರೆ. ಜಾಗ ಅಗಲಕ್ಕಿಂತ ಉದ್ದವೇ ಜಾಸ್ತಿ. ರಸ್ತೆಯ ಕಡೆಗೆ ಕ್ರೋಟನ್ನು, ಗುಲಾಬಿ, ಮನಿಪ್ಲಾಂಟುಗಳು ಕಾರು ನಿಲ್ಲಿಸುವವರನ್ನು ಕೈಬೀಸಿ ಕರೆಯುತ್ತಿರುತ್ತವೆ. ಆದರೆ ಅಕ್ಕನ ಜೀವವಿರುವುದು ಹಿಂದಿನ ತುದಿಯಲ್ಲಿ, ಪಕ್ಕದವರ ದ್ರಾಕ್ಷಿ ತೋಟದ ಬೇಲಿಗೆ ತಾಗಿದಂತೆ. ಅಲ್ಲಿರುವ ಮಾವು, ಸಂಪಿಗೆ, ನೇರಳೆ ಸಸಿಗಳೆಲ್ಲ ಅವಳೇ ಕೈಯಾರೆ ಕಸಿ ಕಟ್ಟಿದವು. ಕುಂಡ, ಗೊಬ್ಬರ ಸಾಗಿಸಲೆಂದು ಭಾವ ಬಹಳ ಹಿಂದೆಯೇ ಒಂದು ಗಾಲ್ಫ್ ಗಾಡಿ ತಂದಿದ್ದರು. ಯಾವುದೋ ಗಾಲ್ಫ್ ಮೈದಾನದವರು ಬ್ಯಾಟರಿ ಗಾಡಿಗಳಿಗೆ ಬದಲಾದಾಗ ಹೊರಹಾಕಿದ ಪೆಟ್ರೋಲಿನ ಟೂ-ಸ್ಟ್ರೋಕ್ ಗಾಡಿ ಅದು. ಚೆಂಡು ಹೊಡೆಯುವವರನ್ನು ಹುಲ್ಲಿನ ಮೇಲೆ ಮೆರೆಸಿದ ಆ ಗಾಡಿ ನಮ್ಮಲ್ಲಿಗೆ ಬಂದು, ಸಗಣಿ ಗೊಬ್ಬರದ ಮೂಟೆ ಹೊತ್ತು, ಎಂಜಿನ್ ಜಾಮಾಗಿ ಹೊಂಗೆಮರದ ಬುಡದಲ್ಲಿ ನಿಂತುಬಿಟ್ಟಿತ್ತು. ಅದರ ಸೀಟಿನ ಮೇಲೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು.

ಈ ಮಳೆಗಾಲದಲ್ಲಿ ಅಕ್ಕನ ಮಂಡಿಗಳು ಕೈಕೊಟ್ಟವು. ಮಂಡಿಗಳು ಕೈಕೊಡುವುದೆಂದರೇನು ಎಂದು ನಗಬೇಡಿ. ಆ ನೋವು ಕಂಡವರು ನಗುವುದಿಲ್ಲ. ಹೆಚ್ಚು ನಡೆಯಬಾರದೆಂದು ಡಾಕ್ಟರು ಹೇಳಿದ ಮೇಲೆ ಅವಳ ಲೋಕ ಗೇಟಿನಿಂದ ಶೆಡ್ಡಿನವರೆಗೆ ಕುಗ್ಗಿತು. ಮೊದಮೊದಲು ಹಿಂದಿನ ಗಿಡಗಳು ಹೇಗಿವೆಯೆಂದು ಎಲ್ಲರನ್ನೂ ಕೇಳುತ್ತಿದ್ದಳು, ಉತ್ತರ ಸರಿಬಾರದಿದ್ದರೆ ಬೈಯುತ್ತಿದ್ದಳು. ಬರಬರುತ್ತ ಕೇಳುವುದನ್ನೂ ಬಿಟ್ಟಳು, ಬೈಯುವುದನ್ನೂ ಬಿಟ್ಟಳು. ನಾನು ಕೊಡಿಗೇಹಳ್ಳಿಯ ನನ್ನ ಮನೆಯಿಂದ ಹೋಗಿದ್ದ ಒಂದು ಭಾನುವಾರ, ಊಟಕ್ಕೆ ಕುಳಿತಾಗ ತಟ್ಟೆ ನೋಡಿಕೊಂಡೇ ಹೇಳಿದಳು: “ನಾನು ನೋಡಕ್ಕಾಗ್ದಿರೋ ಗಿಡ ಇನ್ಯಾರಿಗೆ? ದೀಪಾವಳಿ ಆದ್ಮೇಲೆ ಹಿಂದಿನ್ ಸಾಲೆಲ್ಲ ಕೊಟ್ಬಿಡಾಣ.” ಹೊಸ ಲೇಔಟೊಂದರ ಪಾರ್ಕಿಗೆ ಗಿಡ ಹುಡುಕುತ್ತಿದ್ದ ಕಂಟ್ರಾಕ್ಟರೊಬ್ಬ ಎಲ್ಲವನ್ನೂ ಒಂದೇ ಲಾಟಿನಲ್ಲಿ ಎತ್ತಿಕೊಂಡು ಹೋಗಲು ತಯಾರಿದ್ದನಂತೆ. ಮಾರನೆಯ ಬೆಳಗ್ಗೆ ಭಾವ ಕೋಳಿಗಳನ್ನು ಓಡಿಸಿ, ಗಾಡಿ ತೊಳೆದು, ನನಗೆ ಫೋನ್ ಮಾಡಿದರು.

ಹೊಸ ಬ್ಯಾಟರಿ ಗಾಡಿಯನ್ನೇ ತರಬಹುದಿತ್ತಲ್ಲ ಎಂದು ನಿಮಗನ್ನಿಸಬಹುದು. ನಾನೂ ಅಂದೆ. ತನ್ನ ಕಾಲಿನ ಹೆಸರಲ್ಲಿ ಮನೆಗೆ ಇನ್ನೊಂದು ಸಾಮಾನು ಬರಕೂಡದೆಂದು ಅಕ್ಕ ಖಂಡಿತವಾಗಿ ಹೇಳಿಬಿಟ್ಟಿದ್ದಳು. ಕೆಟ್ಟು ನಿಂತದ್ದನ್ನು ರಿಪೇರಿ ಮಾಡಿಕೊಂಡರೆ ಅದು ನಿಮ್ಮಿಬ್ಬರ ಹಣೆಬರಹ ಎಂದಳಂತೆ, ಭಾವ ಅದನ್ನೇ ಒಪ್ಪಿಗೆಯೆಂದು ತಿಳಿದರು.

ಎಂಜಿನ್ ಇಳಿಸಿ ಬಿಚ್ಚಿದೆವು. ಯಶವಂತಪುರದ ಲೇತ್ ಅಂಗಡಿಯಲ್ಲಿ ಸವೆದ ಸಿಲಿಂಡರಿನ ಒಳಮೈ ಕೊರೆಸಿ, ಅಲೆದಲೆದು ಸರಿಹೊಂದುವ ಪಿಸ್ಟನ್ನು, ರಿಂಗು ಹೊಂದಿಸಿದೆವು. ಎಲ್ಲ ಬಂದು ಸೇರುವ ಹೊತ್ತಿಗೆ ಆಯುಧಪೂಜೆ ಬಂತು. ಶೆಡ್ಡಿನಲ್ಲಿ ಗುದ್ದಲಿ, ಪಿಕಾಸಿ, ಕಸಿ ಚಾಕು, ನೀರಿನ ಪಂಪು ಸಾಲಾಗಿ ಕುಳಿತವು. ಹಳೆಯ ಬೆಡ್‌ಶೀಟಿನ ಮೇಲೆ ಹರವಿದ್ದ ಎಂಜಿನ್ನಿನ ಭಾಗಗಳೂ ಆ ಪಂಕ್ತಿಯಲ್ಲಿ ಸೇರಿದವು. ಅಕ್ಕ ಕುರ್ಚಿಯಲ್ಲಿ ಕುಳಿತೇ ಪ್ರತಿಯೊಂದನ್ನೂ ಕೈಗೆ ತೆಗೆದುಕೊಂಡು ಅರಿಶಿನ ಕುಂಕುಮವಿಟ್ಟಳು. ಎಷ್ಟೋ ದಿನಗಳ ಮೇಲೆ ಅವಳ ಕೈಗೆ ಕೆಲಸ ಸಿಕ್ಕಿತ್ತು, ಒಂದನ್ನೂ ಬಿಡಲಿಲ್ಲ.

ಹಬ್ಬ ಕಳೆದು ಜೋಡಣೆ ಶುರುವಾಯಿತು. ಪಿಸ್ಟನ್ ಕೂರಿಸಿದ ಮೇಲೆ ನಾನು ಕಿಡಿ ಹಾರಿಸುವ ಪ್ಲಗ್ ತರಲು ಯಲಹಂಕಕ್ಕೆ ಹೋದೆ, ಬರುವಷ್ಟರಲ್ಲಿ ಭಾವ ಕುಕ್ಕರಿನ ರಬ್ಬರಿನ ಹಾಗೆ ಸಂದಿ ಮುಚ್ಚುವ ಹೊಸ ಗ್ಯಾಸ್ಕೆಟ್ಟಿಟ್ಟು ಮೇಲಿನ ಮುಚ್ಚಳವನ್ನು, ಅಂದರೆ ಹೆಡ್ಡನ್ನು, ಕೂರಿಸಿ ಬಿಗಿದಿದ್ದರು. ಪ್ಲಗ್ಗಿನ ತೂತಿಗೆ ಒತ್ತಡ ಅಳೆಯುವ ಗೇಜು ಸಿಕ್ಕಿಸಿ ಎಂಜಿನ್ ತಿರುಗಿಸಿದೆ. ಮುಳ್ಳು ಅರ್ಧಕ್ಕೆ ಏರಿ, ಸುಸ್ತಾದವರಂತೆ ಕುಳಿತುಬಿಟ್ಟಿತು.

ಕಾರ್ಬುರೇಟರಿನ ಗಾಳಿ ಬಾಗಿಲು ತೆರೆಯದೆ ತಿರುಗಿಸಿದ್ದೆನೆಂದು ಆಗ ನೆನಪಾಯಿತು. ಅದು ಮುಚ್ಚಿದ್ದರೆ ಪಾಪ, ಎಂಜಿನ್ನು ಏನನ್ನು ತಾನೇ ಅದುಮೀತು? ಭಾವನಿಂದ ಅದನ್ನು ತೆರೆದು ಹಿಡಿಸಿ ಮತ್ತೆ ನೋಡಿದೆ, ಮುಳ್ಳು ಒಂದಿಷ್ಟು ಮೇಲೆದ್ದಿತು, ಸಾಲಲಿಲ್ಲ. ಅನುಮಾನ ಪಿಸ್ಟನ್ನನ್ನು ಸುತ್ತಿದ ರಿಂಗುಗಳ ಮೇಲೆ ಹೋಯಿತು. ಅದಕ್ಕೊಂದು ಹಳೆಯ ಉಪಾಯವಿದೆ: ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ನೋಡುವುದು. ರಿಂಗಿನ ಸಂದಿಯಲ್ಲಿ ಗಾಳಿ ಸೋರುತ್ತಿದ್ದರೆ ಎಣ್ಣೆ ಅದನ್ನು ತಡೆದು ಮುಳ್ಳು ಮೇಲೇರುತ್ತದೆ. ಅಡುಗೆಮನೆಯ ಒಗ್ಗರಣೆ ಸೌಟು ಆ ಸೇವೆಗೆ ಬಂತು, ಮುಳ್ಳು ಮಾತ್ರ ಮೊದಲಿಗಿಂತ ಮೇಲೇರಲಿಲ್ಲ. ಹಾಗಾದರೆ ರಿಂಗು ನಿರಪರಾಧಿ. ಸಿಲಿಂಡರ್ ಹೊಸದಾಗಿ ಕೊರೆಸಿದ್ದು, ಪಿಸ್ಟನ್ ಹೊಸದು, ಎಲ್ಲವೂ ಅಳತೆಗೆ ಸರಿ, ಆದರೂ ಬಲವಿಲ್ಲ. ನನಗೆ ಅಕ್ಕನ ಆಸ್ಪತ್ರೆಯ ಫೈಲು ಕಣ್ಣಮುಂದೆ ಬಂತು. ಸಕ್ಕರೆ ಸರಿಯಿದೆ, ಬಿಪಿ ಸರಿಯಿದೆ, ಮಂಡಿಯೊಂದು ಬಿಟ್ಟರೆ ಎಲ್ಲ ಸರಿಯೆಂದು ಬರೆದಿರುತ್ತಾರೆ, ಹಾಗಿದ್ದರೆ ಅವಳ ಹುರುಪು ಎಲ್ಲಿಂದ ಸೋರಿಹೋಗುತ್ತಿದೆಯೆಂದು ಯಾವ ಕಾಗದದಲ್ಲೂ ಇರುವುದಿಲ್ಲ. ಈ ಗಾಡಿ ಏಳದಿದ್ದರೆ ಅವಳೂ ಏಳುವುದಿಲ್ಲವೇನೋ ಎಂದು ನನಗೆ ನಿಜವಾಗಿ ಭಯವಾಯಿತು.

ಟೂ-ಸ್ಟ್ರೋಕಿನಲ್ಲಿ ವಾಲ್ವುಗಳ ರಗಳೆಯಿಲ್ಲ, ಸೋರುವ ಜಾಗಗಳು ಕಡಿಮೆ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಹೆಡ್ಡಿನ ಸುತ್ತ ಹಚ್ಚಿ ಮತ್ತೆ ತಿರುಗಿಸಿದೆವು. ಒಂದು ಮೂಲೆಯಲ್ಲಿ ಪುಟಪುಟನೆ ಗುಳ್ಳೆಗಳೆದ್ದವು. ಹೆಡ್ ಬಿಚ್ಚಿ ತಿರುವಿಹಾಕಿದರೆ, ಗ್ಯಾಸ್ಕೆಟ್ ಕೂರುವ ನುಣುಪು ಅಂಚಿನ ಮೇಲೆ ಒಣಗಿ ಗಾರೆಯಂತಾದ ಅರಿಶಿನದ ಬೊಟ್ಟು, ನಡುವೆ ಕುಂಕುಮ.

ಭಾವನ ಮುಖ ನೋಡಿದೆ. ಅವರು ಅದನ್ನು ಕೂರಿಸುವಾಗಲೇ ಕಂಡಿದ್ದರು. “ಪೂಜೆಗಿಟ್ಟಿದ್ ಒರೆಸ್ಬಾರ್ದು ಅಂತ ಅಂಗೇ ಬುಟ್ಟೆ ಕಣಪ್ಪ,” ಎಂದರು. ಬೈಯಲು ಬಾಯಿ ಬರಲಿಲ್ಲ, ಏಕೆಂದರೆ ಅದು ನಮ್ಮ ಮನೆಯ ರೂಢಿಯೂ ಹೌದು. ಹಬ್ಬದಲ್ಲಿಟ್ಟ ಕುಂಕುಮ ತಾನಾಗಿ ಉದುರಬೇಕು, ಕೈಯಾರೆ ಅಳಿಸಬಾರದು. ಕಾರ್ಖಾನೆಯಲ್ಲಿ ವರ್ಷವರ್ಷವೂ ನಾವು ಲೇತುಗಳಿಗೆ ಕುಂಕುಮವಿಟ್ಟವರೇ. ಅವು ಜೋಡಿಸಿ ನಿಲ್ಲಿಸಿದ ಯಂತ್ರಗಳಾದ್ದರಿಂದ ಭಕ್ತಿ ಹೊರಮೈಯಲ್ಲೇ ಉಳಿಯುತ್ತಿತ್ತು. ಇಲ್ಲಿ ಎಂಜಿನ್ನು ಬಿಚ್ಚಿ ಮಲಗಿದ್ದಾಗ ಹಬ್ಬ ಬಂದು, ಭಕ್ತಿಗೆ ಒಳಗೆ ಹೋಗಲು ದಾರಿ ಸಿಕ್ಕಿತ್ತು.

ನಗು ಬರಬೇಕಾದ ಹೊತ್ತು, ಆದರೆ ಇಬ್ಬರಿಗೂ ಬರಲಿಲ್ಲ. ಭಾವ ದನಿ ತಗ್ಗಿಸಿದರು. “ಅವಳ್ಗೆ ಯೋಳ್ಬೇಡ. ಮೊದ್ಲೇ ನನ್ ಕೈಲಿ ಏನೂ ಆಗಕಿಲ್ಲ ಅಂತ ಕುಂತವಳೆ.” ಅಷ್ಟರಲ್ಲಿ ಅಕ್ಕನ ಊರುಗೋಲಿನ ಸದ್ದು ಹತ್ತಿರವೇ ಕೇಳಿಸಿತು. ಗ್ಯಾಸ್ಕೆಟ್ಟೇ ಕಳಪೆಯೆಂದು ನಾನು ಸುಳ್ಳೊಂದನ್ನು ಶುರುಮಾಡಿದೆ. ಅಕ್ಕ ನನ್ನ ಕೈಯಿಂದ ಹೆಡ್ಡು ಈಸಿಕೊಂಡು ಬಹಳ ಹೊತ್ತು ನೋಡಿದಳು. ಹಳದಿ ಬೊಟ್ಟಿನ ಮೇಲೆ ಅವಳ ಉಂಗುರದ ಬೆರಳಿನ ಗುರುತು ಹಾಗೇ ಇತ್ತು. ಆಮೇಲೆ ಕುರ್ಚಿಯಲ್ಲಿ ಕುಳಿತು, ಸೆರಗಿನ ತುದಿಯನ್ನು ನೀರಿಗದ್ದಿ, ತಾನೇ ಉಜ್ಜತೊಡಗಿದಳು.

ಭಾವ ತಡೆಯಲು ಕೈ ಮುಂದೆ ಚಾಚಿದರು.

“ಇಟ್ಟೋಳೇ ಒರೆಸಿದ್ರೆ ದೋಷ ಇಲ್ಲ ಕಣ್ರೀ,” ಎಂದಳು ಅಕ್ಕ.

ಇಂಥದ್ದೊಂದು ಶಾಸ್ತ್ರ ನಮ್ಮ ವಂಶದಲ್ಲಿ ಯಾರೂ ಕೇಳಿರಲಿಲ್ಲ. ಅವಳು ಅಲ್ಲೇ, ಆಗಲೇ, ಬೇಕಾದ ಹಾಗೆ ಕಟ್ಟಿದ್ದಳು. ಉಳಿದ ಕಲೆಯನ್ನು ನಾನು ಸೀಮೆಎಣ್ಣೆಯಲ್ಲಿ ತೊಳೆದು, ಗಾಜಿನ ಮೇಲೆ ಎಮೆರಿ ಕಾಗದ ಹಾಸಿ ಹೆಡ್ಡನ್ನು ಸಮಮಾಡಿ, ಬೇರೆ ಗ್ಯಾಸ್ಕೆಟ್ಟಿಟ್ಟು ಬಿಗಿದೆ. ಈ ಸಲ ಗೇಜಿನ ಮುಳ್ಳು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಿ ನಿಂತಿತು. ಎಂಜಿನ್ನನ್ನು ಗಾಡಿಗೆ ಏರಿಸಿದ ಬೆಳಗ್ಗೆ ಅಕ್ಕ ಕುಂಕುಮದ ಬಟ್ಟಲು ಹಿಡಿದು ಬಂದು, “ಎಲ್ಲಿಡ್ಲಿ ಹೇಳೋ ನಾಗು,” ಎಂದು ಕೇಳಿದಳು. ಸ್ಟೀರಿಂಗಿನ ನಡುವೆ ತೋರಿಸಿದೆ.

ಕಾಲು ತೆಗೆದರೆ ಎಂಜಿನ್ ನಿಲ್ಲುತ್ತದೆ, ಪೆಡಲ್ ಒತ್ತಿದರೆ ತಾನಾಗಿ ಮತ್ತೆ ಶುರುವಾಗುತ್ತದೆ, ಗಾಬರಿಯಾಗಬೇಡ ಎಂದು ಹೇಳಿಕೊಟ್ಟೆ. ಜೊತೆಗೆ ಬರುತ್ತೇನೆಂದ ಭಾವನನ್ನು ಅವಳು ಕೆಳಗಿಳಿಸಿದಳು. ನೀಲಿ ಹೊಗೆ ಬಿಡುತ್ತ, ಒಂದೆರಡು ಕುಂಡಗಳನ್ನು ಉರುಳಿಸುತ್ತ, ಗಾಡಿ ಸಾಲುಗಳ ನಡುವೆ ಮರೆಯಾಯಿತು. ನಾವು ಸದ್ದನ್ನು ಕೇಳುತ್ತ ನಿಂತೆವು. ಹಿಂದಿನ ತುದಿ ಮುಟ್ಟಿರಬೇಕು ಎನ್ನುವಾಗ ಸದ್ದು ನಿಂತುಹೋಯಿತು. ಭಾವ ಓಡಲು ಹೊರಟರು, ನಾನು ತೋಳು ಹಿಡಿದೆ. ಹೊತ್ತು ಕಳೆದರೂ ಏನೂ ಕೇಳಿಸದಿದ್ದಾಗ ನನ್ನ ಹಿಡಿತವೂ ಸಡಿಲವಾಯಿತು.

ಆಗ ಅಕ್ಕನ ದನಿ ಬಂತು, ಇಡೀ ತೋಟ ದಾಟಿಕೊಂಡು. ಕಸಿ ಕೂಡಿಕೊಂಡು ತಿಂಗಳಾದರೂ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಬಿಚ್ಚದೆ ಸಂಪಿಗೆಯ ಕತ್ತು ಹಿಸುಕಿದವರು ಯಾರು, ಕಣ್ಣು ಎಲ್ಲಿಟ್ಟಿದ್ದರು, ಅವರು ತಿನ್ನುವುದು ಅನ್ನವೋ ಮತ್ತೇನೋ ಎಂದು ವಿಚಾರಣೆ ನಡೆದಿತ್ತು. ಭಾವ ಬೋರಲು ಹಾಕಿದ ಕುಂಡದ ಮೇಲೆ ಕುಸಿದು ಕುಳಿತರು. “ಬೈತಾವ್ಳೆ ಕಣಪ್ಪ,” ಎಂದರು, ಕಣ್ಣು ತುಂಬಿಕೊಂಡು. ಬೈಗುಳದ ಮುಕ್ಕಾಲು ಪಾಲು ಅವರಿಗೇ ಸೇರಬೇಕಾದದ್ದು.

ಬಿಸಿಲೇರಿದ ಮೇಲೆ ಗಾಡಿ ವಾಪಸು ಬಂತು. ಅಕ್ಕನ ಮಡಿಲ ತುಂಬ ಬಿಚ್ಚಿದ ಪಟ್ಟಿಗಳು, ಕೂದಲಲ್ಲಿ ಒಣಗಿದ ಎಲೆ. ಅವಳು ಕೆಳಗಿಳಿಯಲಿಲ್ಲ. “ಆ ಕಂಟ್ರಾಕ್ಟರ್‌ಗೆ ಫೋನ್ ಮಾಡ್ರೀ, ಬರೋದ್ ಬೇಡ ಅನ್ನಿ,” ಎಂದು ಭಾವನಿಗೆ ಹೇಳಿ ನನ್ನ ಕಡೆ ಕೈ ಚಾಚಿದಳು. “ಆ ಚಾಕು ಕೊಡೋ ಇಲ್ಲಿ, ಮಾವಿನ್ ಸಾಲು ಇನ್ನೂ ಹಾಗೇ ಇದೆ.” ಕೊಟ್ಟೆ. ಅವಳು ಪೆಡಲ್ ಒತ್ತಿದಳು.