ಗಾಳಿಗೆ ಸೀಟಿಲ್ಲದ ಗಾಡಿ

ಕೊಹೀರಿನ ಮೋನಮ್ಮನ ಮಗ ಅಮೋಘಸಿದ್ದ ಪಿಕಪ್ ಗಾಡಿಯವನು. ಅವನಿಗೆ ಗಾಳಿಯೆಂದರೆ ಟಿಕೆಟ್ ಇಲ್ಲದೆ ಹತ್ತಿ ಡೀಸೆಲ್ ಕುಡಿಯುವ ಪ್ರಯಾಣಿಕ. ಕುರಿ ಇಳಿಸಿದ ಕೂಡಲೇ ಖಾಲಿ ತೊಟ್ಟಿಗೆ ತಾಡಪಾಲನ್ನು ಡೊಳ್ಳಿನಂತೆ ಬಿಗಿದು, ಬಡಿದು ನೋಡಿ, "ಗಾಳಿಗಿ ಸೀಟಿಲ್ರಿ!" ಎಂದು ಸಾರಿಯೇ ಹೊರಡುತ್ತಾನೆ. ಒಂದೇ ಕ್ಯಾನ್ ಡೀಸೆಲ್‌ನಲ್ಲಿ ತಾಂಡೂರಿಗೆ ಹೋಗಿಬರದಿದ್ದರೆ ಮೀಸೆ ಬೋಳಿಸುವೆನೆಂದು ಗಾಡಿ ಸ್ಟ್ಯಾಂಡಿನವರೆದುರು ಪಣ ಬೇರೆ. ಅದಕ್ಕೆಂದೇ ಕ್ಯಾಬಿನ್ ಮೇಲೆ ಮೊರದಂತೆ ಬಾಗಿಸಿದ ತಗಡು ಕೂರಿಸಿದ್ದ. ಆದರೆ ಗಾಡಿ ಇನ್ನಷ್ಟು ಏದುಸಿರು ಬಿಟ್ಟಿತು. ಅದರ ಸದ್ದು ಕೇಳಿದ ಮೋನಮ್ಮ, "ಮೊರದ ಬಾಯಿ ಗಾಳಿಗಿ ಕೊಟ್ಟಿಯಲ್ಲೋ ಯಪ್ಪಾ, ಬೆನ್ನು ಕೊಡು" ಎಂದಳು. ತಗಡು ತಿರುಗಿತು. ತಾಂಡೂರಿನಿಂದ ಮರಳಿದಾಗ ಟಾಂಕಿಯಲ್ಲಿ ಡೀಸೆಲ್ ಇನ್ನೂ ಕುಲುಕುತ್ತಿತ್ತು. ಗೆದ್ದನೆಂದು ಸ್ಟ್ಯಾಂಡೆಲ್ಲ ಕೂಗಿತು. ಅವನು ಮೀಸೆ ತಿರುವಲಿಲ್ಲ, ನೋಡಲು ಬಂದಿದ್ದ ತಾಯಿಗೆ ಮುಂದಿನ ಬಾಗಿಲು ತೆರೆದ: "ಹತ್ತವ್ವಾ, ಗಾಳಿಗಿ ಕೊಡದ ಸೀಟ್ ಇನ್ಮ್ಯಾಗ ನಿಂದೇ ಅದ."