ಮೋರಿಯ ಪಕ್ಕದ ಗುಮಾಸ್ತರು

ಪುಣೆ ಹತ್ತಿರದ ಭೋಸರಿಯಲ್ಲಿ, ಲೋಹಕ್ಕೆ ಲೇಪ ಹಾಕುವ ನಮ್ಮ ಪ್ಲೇಟಿಂಗ್ ಕಾರ್ಖಾನೆಯಲ್ಲಿ ಪರಿಸರ ಎಂಬ ಮಹಾ ಇಲಾಖೆಗೆ ಒಂದು ಸ್ಟೂಲು, ಒಂದು ರಿಜಿಸ್ಟರು ಮತ್ತು ಧಾರವಾಡ ಕಡೆಯ ಒಬ್ಬ ಗುಮಾಸ್ತರು ಮಂಜೂರಾಗಿದ್ದರು. ಅವರು ದಿನಾ ಬೆಳಿಗ್ಗೆ ಪ್ಯಾಂಟು ಮಡಚಿ ಮೋರಿಯ ಪಕ್ಕ ಕೂತು, ಹೊರಹೋಗುವ ನೀರಿಗೆ ಪರೀಕ್ಷೆಯ ಕಾಗದ ಅದ್ದಿ, ಕನ್ಯೆಯ ಜಾತಕ ನೋಡುವ ಗಾಂಭೀರ್ಯದಿಂದ ಬಿಸಿಲಿಗೆ ಹಿಡಿಯುತ್ತಿದ್ದರು. ನಾವು ನಕ್ಕರೆ, "ನೀರಿಗೆ ಸುಳ್ಳು ಹೇಳಾಕ ಬರೂದಿಲ್ರಿ," ಎನ್ನುತ್ತಿದ್ದರು.

ಪರಿಸರ ಪ್ರಶಸ್ತಿಯ ತಪಾಸಣೆಯ ವಾರ, ಬೆಳಗಾವಿಯವರೇ ಆದ ಮ್ಯಾನೇಜರ್ ಸಾಹೇಬರು ಮೋರಿಗೆ ನಲ್ಲಿ ನೀರು ಬಿಡಿಸಿದರು. ವಿಷ ತೆಳುವಾಯಿತು, ಕಾಗದವೂ ಒಪ್ಪಿತು. ಗುಮಾಸ್ತರು ಮಾತ್ರ ನಲ್ಲಿಯ ಮೀಟರನ್ನೂ ಓದಿ, ನೀರಿನ ಬಳಕೆ ಇಮ್ಮಡಿಯಾದದ್ದನ್ನು ಕಾರಣಸಮೇತ ಬರೆದಿಟ್ಟರು.

"ಇದೇನ್ ಬರದೀರಿ? ಅಳಸ್ರಿ."

"ಅಳಸ್ತೀನ್ರಿ ಸಾಹೇಬ್ರ. ಮೊದಲ ಮೀಟರ್ ಹಿಂದಕ್ಕ ತಿರುಗಿಸ್ರಿ."

"ನಿಮ್ಮ ಮನ್ಯಾಗ ಮಗಳ ಮದುವಿ ಅದ. ನೌಕರಿ ಬ್ಯಾಡೇನು?"

"ಬೇಕ್ರಿ. ಆದ್ರ ಈ ಮೋರಿ ಹೋಗೂದು ಕೂಲಿ ಮಂದಿ ಚಾಳಿನ ಬಾವಿ ಕಡೆ. ತಪಾಸಣಿ ಮುಗದ ಮ್ಯಾಲೂ ನಲ್ಲಿ ಬಿಡ್ತೀರೇನ್ರಿ?"

ಮರುದಿನ ಅವರನ್ನು ಲಾರಿಗಳ ನಂಬರು ಬರೆಯಲು ಗೇಟಿಗೆ ಕಳಿಸಿದರು. ರಿಜಿಸ್ಟರು ನನ್ನ ಕೈಗೆ ಬಂತು. ನಾನು ಆ ಪುಟ ಹರಿದು, ನೀರಿನ ಬಳಕೆಯನ್ನು ಅರ್ಧಕ್ಕಿಳಿಸಿ ಹೊಸದಾಗಿ ಬರೆದೆ. ಪ್ರಶಸ್ತಿ ಬಂತು. ಗೇಟಿನವರಿಗೆ ಪೇಢೆ ಹಂಚುವ ಘನಕಾರ್ಯವೂ ನನ್ನ ಪಾಲಿಗೇ ಬಂತು.

ಗುಮಾಸ್ತರು ಪೇಢೆಯನ್ನು ನನ್ನ ಅಂಗೈಗೇ ಮರಳಿಸಿ, ಬೆರಳು ಒರೆಸಿಕೊಂಡು ಹೇಳಿದರು: "ನಿಮ್ಮ ಅಕ್ಷರ ಭಾಳ ದುಂಡಗ ಅವ ಅಂತ್ರಿ. ಸಾಹೇಬ್ರು ಹೊಗಳಾಕತ್ತಿದ್ರು."